ಶರ್ಟಿನ ರಟ್ಟುಗಳು

ಅಕ್ಟೋಬರ್ 17, ಶುಕ್ರವಾರ

ಊರಿಗೆ ಕಳಿಸುವ ಪೆಟ್ಟಿಗೆ ಕೊನೆಗೂ ಹೊರಟಿತು. ಹದಿನೈದು ದಿನದಿಂದ ನಡುಮನೆಯ ಮೂಲೆಯಲ್ಲಿ ಬಾಯಿ ತೆರೆದು ಕೂತಿತ್ತು. ಅತ್ತಿತ್ತ ಹೋಗುವಾಗಲೆಲ್ಲ ಏನಾದರೊಂದು ತಂದು ಹಾಕುವುದು, ಮತ್ತೆ ತೆಗೆಯುವುದು. ಭಾವನವರ ಹೊಸ ಮನೆಯ ಒಕ್ಕಲಿಗೆ, ಗೃಹಪ್ರವೇಶಕ್ಕೆ, ಚಹಾ ಗ್ಲಾಸುಗಳು, ಆರಾರರ ಹನ್ನೊಂದು ಡಬ್ಬಿ. ಸಂದಿಯಲ್ಲಿ ಹಾಲಿನ ಪುಡಿ, ಸಾಬೂನು, ಖರ್ಜೂರ. ಮೇಲೆ ಎರಡು ಕಂಬಳಿ.

ಗ್ಲಾಸಿನ ಡಬ್ಬಿಗಳು ಬಹಳ ತೆಳು, ಬೆರಳು ಒತ್ತಿದರೆ ಒಳಗೆ ಹೋಗುತ್ತವೆ. ಆಗ ಇವರ ಶರ್ಟಿನ ರಟ್ಟುಗಳು ನೆನಪಾದವು. ಲಾಂಡ್ರಿಯಿಂದ ಶರ್ಟು ಮಡಚಿ ಬರುವಾಗ ಒಳಗೆ ಒಂದೊಂದು ಬೂದು ರಟ್ಟು ಇರುತ್ತದೆ. ಮಗಳು ಅಶ್ಮಿತಾಳ ಮಂಚದ ಕೆಳಗೆ ಅಂಥ ಒಂದು ಕಟ್ಟೇ ಇತ್ತು. ಒಂದು ಬದಿಯಲ್ಲಿ ಪೆನ್ನಿನಿಂದ ಏನೇನೋ ಗೀಚಿದ್ದಾಳೆ. ಗೀಚಿದ ಮುಖ ಒಳಗೆ ಮಾಡಿ ಡಬ್ಬಿಗೊಂದರಂತೆ ಇಟ್ಟು ಟೇಪು ಸುತ್ತಿದೆ. ಹನ್ನೊಂದು ಡಬ್ಬಿಗೆ ಹನ್ನೊಂದು ರಟ್ಟು, ಅಳೆದು ಮಾಡಿದ ಹಾಗೆ. ಮಂಚದ ಕೆಳಗೂ ಗುಡಿಸಿದಂತಾಯಿತು.

ಕಾರ್ಗೋದ ಬಾವಾಕುಂಞಿ ಬಂದು ಪೆಟ್ಟಿಗೆ ಅಲ್ಲಾಡಿಸಿ ನೋಡಿದ.

"ಅಕ್ಕ, ಇದ್ರಲ್ಲಿ ಗ್ಲಾಸ್ ಉಂಟಾ? ಹಾಗಾದ್ರೆ ನಿಮ್ಮ ಕೈಯಲ್ಲೇ ಬರೀರಿ. ನಾನು ಬರೆದ್ರೆ ಯಾರೂ ನಂಬುದಿಲ್ಲ. ಅಕ್ಕಿ ಇದ್ರೂ ನಾನು ಗ್ಲಾಸ್ ಅಂತ್ಲೇ ಬರೆಯುದು."

'ಗಾಜು. ಜೋಪಾನ' ಎಂದು ಕನ್ನಡದಲ್ಲಿ, ಇಂಗ್ಲಿಷಿನಲ್ಲಿ, ನನಗೆ ಬರುವಷ್ಟು ಅರಬಿಯಲ್ಲಿ ಬರೆದೆ. ಯಾವಾಗ ಮುಟ್ಟುತ್ತದೆ ಎಂದರೆ, "ಡಿಸೆಂಬರ್ ನಡು ಆಗ್ಬಹುದು. ಹಡಗಲ್ವಾ ಅಕ್ಕ, ಅದಕ್ಕೆ ಯಲ್ಲಾ ಯಲ್ಲಾ ಅಂದ್ರೆ ಆಗುದಿಲ್ಲ." ಒಕ್ಕಲು ನವೆಂಬರ್ ಮೂವತ್ತಕ್ಕೆ. ಗ್ಲಾಸು ಆಮೇಲೆ ಹೋದರೂ ಭಾವ ಬೇಸರ ಮಾಡುವವರಲ್ಲ.

ಊಟದ ಮೇಲೆ ಕವನ ಸಂಕಲನ ಹಿಡಿದು ಕೂತೆ. ಕಣ್ಣೆದುರಿನದು ಕಾಣದವರ ಬಗ್ಗೆ ಒಂದು ಕವಿತೆ ಇದೆ, ಬಹಳ ಒಳ್ಳೆಯದು. ನಮ್ಮ ಆಫೀಸಿನವರಿಗೆ ಓದಿಸಬೇಕು ಎನಿಸಿತು.

ಅಕ್ಟೋಬರ್ 26, ಭಾನುವಾರ

ವಾರದ ಮೊದಲ ದಿನವೇ ಮಿರ್ಕಾಬಿನ ಆಫೀಸಿನಿಂದ ಅರ್ಧ ದಿನ ರಜೆ ಹಾಕಿ ಅಶ್ಮಿತಾಳ ಶಾಲೆಗೆ ಹೋದೆ. ಹನ್ನೆರಡನೆಯ ತರಗತಿಯವರು ಎಲ್ಲಿಗೆ ಅರ್ಜಿ ಹಾಕಬೇಕೆಂದು ಹೇಳಿಕೊಡುವ ಪರ್ಲ್ ಮಿಸ್ ಕರೆದಿದ್ದರು. ಅಶ್ಮಿತಾಳಿಗೆ ಕೆಮಿಸ್ಟ್ರಿ ಓದಬೇಕು, ಅದೂ ಅಮೆರಿಕದ ಒಂದು ಸಣ್ಣ ಕಾಲೇಜಿನಲ್ಲಿ. ಜನವರಿ ಐದು ಕೊನೆಯ ದಿನ.

"ಮಾರ್ಕ್ಸ್ ಒಳ್ಳೆದುಂಟು," ಎಂದರು ಮಿಸ್. "ಆದ್ರೆ ಗಲ್ಫಿನ ಎಲ್ಲ ಮಕ್ಕಳದ್ದೂ ಒಳ್ಳೆದುಂಟು. ಎಲ್ಲರೂ ಒಂದೇ ಒಲಿಂಪಿಯಾಡ್, ಒಂದೇ ಡಿಬೇಟ್. ಅರ್ಜಿ ಓದುವವರಿಗೆ ಯಾರು ಯಾರು ಅಂತ ಗೊತ್ತಾಗುದು ಹೇಗೆ? ನಿನ್ನದೇ ಅಂತ ಎಂತ ಉಂಟು, ಹೇಳು."

ಅಶ್ಮಿತಾ ಉಗುರು ನೋಡುತ್ತಾ, "ಐ ಡ್ರಾ," ಎಂದಳು.

ನನಗೆ ಆಶ್ಚರ್ಯವಾಯಿತು. ಅವಳು ಗೀಚುವುದು ಗೊತ್ತಿತ್ತು. ಅದನ್ನು ಹೇಳಿಕೊಳ್ಳುವ ವಿಷಯ ಮಾಡಿದ್ದಾಳೆಂದು ಗೊತ್ತಿರಲಿಲ್ಲ.

ಆ ಕಾಲೇಜಿನಲ್ಲಿ ಯಾವ ವಿಷಯ ಓದುವವರೂ ಅರ್ಜಿಯ ಜೊತೆ ಹತ್ತು ಚಿತ್ರಗಳನ್ನು ಕಳಿಸಬಹುದಂತೆ, ಒಂದೊಂದಕ್ಕೆ ಒಂದು ಸಾಲಿನ ವಿವರಣೆ. ಕಡ್ಡಾಯವಲ್ಲ. "ಆದ್ರೆ ಕಳಿಸಿದ್ರೆ ಚೆಂದ ಇರ್ಬೇಕು ಆಯ್ತಾ. ಕೆಮಿಸ್ಟ್ರಿಯವಳಿಗೆ ಇದೆಲ್ಲ ಯಾಕೆ ಅಂತ ಅವರು ಹೇಳ್ಬಾರ್ದು," ಎಂದರು ಮಿಸ್.

ಕಾರಿನಲ್ಲಿ ನಾನು, ಒಳ್ಳೆಯ ಕಾಗದ, ಬಣ್ಣ ತರೋಣ ಎಂದೆ.

"ಬೇಡಮ್ಮ. ಐ ಹ್ಯಾವ್ ಇನಫ್. ಹತ್ತು ಅಲ್ಲ, ಇಲೆವೆನ್ ಉಂಟು. ಎಕ್ಸಾಮ್ ಮುಗಿದ ಮೇಲೆ ಫೋಟೊ ತೆಗೀತೇನೆ."

ಹನ್ನೊಂದು ಚಿತ್ರ ಯಾವಾಗ ಬಿಡಿಸಿದಳೋ. ನಮ್ಮ ಮನೆಯಲ್ಲಿ ಒಂದು ಚಿತ್ರವನ್ನೂ ನಾನು ಕಂಡಿಲ್ಲ.

ನವೆಂಬರ್ 5, ಬುಧವಾರ

"ಅಮ್ಮ, ಮಂಚದ ಅಡಿಯಲ್ಲಿದ್ದ ಅಪ್ಪನ ಶರ್ಟ್ ಕಾರ್ಡ್ಸ್ ಎಲ್ಲಿ?"

ನೋಡುತ್ತೇನೆ ಎಂದೆ. ನೋಡುವುದಕ್ಕೆ ಏನೂ ಇಲ್ಲ ಎಂದು ಗೊತ್ತಿದ್ದೂ ಬಗ್ಗಿ, ಟಾರ್ಚು ಹಿಡಿದು ಮಂಚದ ಕೆಳಗೆ ನೋಡಿದೆ.

ನವೆಂಬರ್ 6, ಗುರುವಾರ

ಆಫೀಸಿನ ಮೆಟ್ಟಿಲಿಗೆ ಹೋಗಿ ಬಾವಾಕುಂಞಿಗೆ ಫೋನು ಮಾಡಿದೆ.

"ಅಕ್ಕ, ಅದು ಖಲಾಸ್. ಹಡಗು ಹೊರಟು ವಾರ ಆಯ್ತು. ಯಾಕೆ, ಪಾಸ್‌ಪೋರ್ಟ್ ಹಾಕಿದ್ರಾ?"

"ಅಲ್ಲ."

"ಚಿನ್ನವಾ?"

"ಅಲ್ಲ ಬಾವಾಕುಂಞಿ. ರಟ್ಟು. ಹನ್ನೊಂದು ರಟ್ಟು."

ಅವನು ಬಹಳ ಮೆತ್ತಗೆ, "ಅಕ್ಕ, ರಟ್ಟು ನನ್ನ ಗೋಡೌನಿನಲ್ಲಿ ರಾಶಿ ಉಂಟು. ಎಷ್ಟು ಬೇಕು ಹೇಳಿ, ತಂದು ಕೊಡ್ತೇನೆ," ಎಂದ. ನನಗೆ ತಲೆ ಕೆಟ್ಟಿದೆಯೆಂದೇ ತಿಳಿದಿರಬೇಕು.

ಸಂಜೆ ಅಶ್ಮಿತಾ ಟ್ಯೂಶನ್ ಮುಗಿಸಿ ಬಂದು ಚಹಾ ಕುಡಿಯುವಾಗ ಹೇಳಿಬಿಟ್ಟೆ. ಅವಳು ಲೋಟ ಕೆಳಗಿಟ್ಟಳು.

"ಗ್ಲಾಸ್ ಒಡೆಯದ ಹಾಗೆ ಇಟ್ಟದ್ದಾ?"

"ಹೌದು."

"ಡ್ರಾಯಿಂಗ್ ಸೈಡ್ ಒಳಗೆ ಮಾಡಿದ್ದಾ, ಹೊರಗಾ?"

"ಒಳಗೆ."

"ಥ್ಯಾಂಕ್ ಗಾಡ್," ಎಂದು ಎದ್ದು ಕೋಣೆಗೆ ಹೋದಳು. ಬಾಗಿಲು ಮೆಲ್ಲಗೆ ಹಾಕಿಕೊಂಡಳು. ಬಡಿದಿದ್ದರೆ ಚೆನ್ನಾಗಿತ್ತು.

ಇವರು ಮೀನಾ ಅಬ್ದುಲ್ಲಾದ ಸೈಟಿನಿಂದ ಬಂದವರು ಬೂಟು ಬಿಚ್ಚುತ್ತಾ ಎಲ್ಲ ಕೇಳಿ, "ಕೊಣಾಜೆಯಲ್ಲಿ ಎರಡು ವರ್ಷ ಎಂ.ಎ. ಓದಿದಿ ಮಾರಾಯ್ತಿ. ರಟ್ಟು ಯಾವುದು, ಚಿತ್ರ ಯಾವುದು ಅಂತ ಅಲ್ಲಿ ಹೇಳಿ ಕೊಡ್ಲಿಲ್ವಾ?" ಎಂದರು. ತಮಾಷೆಗೇ ಅಂದದ್ದು. ಭಾವನವರಿಗೆ ಈಗಲೇ ಹೇಳಿಬಿಡು ಎಂದೂ ಅಂದರು. ಒಕ್ಕಲಿನ ಗಡಿಬಿಡಿಯಲ್ಲಿ ಅವರಿಗೇಕೆ ಇದೊಂದು ತಲೆಬಿಸಿ? ಪೆಟ್ಟಿಗೆ ಮುಟ್ಟುವ ಹೊತ್ತಿಗೆ ಹೇಳಿದರೆ ಸಾಕು.

ನಿಜ ಹೇಳಬೇಕೆಂದರೆ ನಾಚಿಕೆ.

ನವೆಂಬರ್ 14, ಶುಕ್ರವಾರ

ಎಂಟು ದಿನ ಕೇಳಬೇಕೆಂದುಕೊಂಡು ಇವತ್ತು ಕೇಳಿದೆ. ಆ ರಟ್ಟುಗಳಲ್ಲಿ ಏನಿತ್ತು?

ಅಶ್ಮಿತಾ ನನ್ನನ್ನು ಬಾಲ್ಕನಿಗೆ ಕರೆದುಕೊಂಡು ಹೋಗಿ ಎದುರಿನ ಕಟ್ಟಡ ತೋರಿಸಿದಳು. ಫಹಾಹೀಲಿನ ಈ ಮನೆಗೆ ಬಂದು ಆರು ವರ್ಷ. ಆ ಕಟ್ಟಡದಿಂದ ಬಿಸಿಗಾಳಿ ಬರುತ್ತದೆ ಎನ್ನುವುದು ಬಿಟ್ಟರೆ ನನಗೆ ಅದರ ಬಗ್ಗೆ ಏನೂ ಗೊತ್ತಿರಲಿಲ್ಲ.

"ಒಂದು ಕಾರ್ಡಿಗೆ ಒಂದು ವಿಂಡೋ. ಎಸಿಯ ಹಿಂಬದಿ, ಅದರ ಪೈಪ್, ಅದರ ಮೇಲೆ ಅವರು ಇಡುವ ವಸ್ತು. ಟು ಇಯರ್ಸ್ ಅಮ್ಮ."

"ಶರ್ಟಿನ ರಟ್ಟಿನ ಮೇಲೆ ಯಾಕೆ? ಕೇಳಿದ್ದರೆ ಡ್ರಾಯಿಂಗ್ ಹಾಳೆ ತರುತ್ತಿದ್ದೆವಲ್ಲ."

"ಡಸ್ಟ್ ಬಿಡಿಸುದೇ ಬೇಡ ಅಲ್ವಾ. ಕಾರ್ಡೇ ಡಸ್ಟಿನ ಕಲರ್. ಡಸ್ಟ್ ಇಲ್ಲದ ಜಾಗ ಮಾತ್ರ ಬಿಡಿಸಿದ್ರೆ ಸಾಕು."

ಮತ್ತೆ ಬಿಡಿಸಬಹುದಲ್ಲ ಎಂದು ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಹೇಳಿದಳು. ನಾಲ್ಕನೆಯ ಮಹಡಿಯವರ ವಾಸದ ಪರವಾನಗಿ ಇಕಾಮಾ ಮುಗಿದು ದೇಶ ಬಿಟ್ಟು ಹೋಗಿದ್ದಾರೆ. ಕಿಟಕಿಗೆ ಹಚ್ಚಿದ್ದ ಬೆಳ್ಳಿ ಕಾಗದವನ್ನೂ ಕಿತ್ತಿದ್ದಾರೆ. ಆರನೆಯ ಮಹಡಿಯ ಎಸಿಯ ಮೇಲೆ ಪಾರಿವಾಳ ಮೊಟ್ಟೆ ಇಟ್ಟಿತ್ತು, ಈಗ ಬಲೆ ಕಟ್ಟಿದ್ದಾರೆ. ಮೂಲೆಯ ಮನೆಯ ಹೆಂಗಸು ದಿನವೂ ಎಸಿಯ ನೀರಿಗೆ ಬಕೆಟ್ ಇಟ್ಟು ಅದನ್ನೇ ಗಿಡಕ್ಕೆ ಹಾಕುತ್ತಿದ್ದಳಂತೆ. ಅವಳು ಆಗಸ್ಟಿನಿಂದ ಕಾಣುತ್ತಿಲ್ಲ.

ಅಶ್ಮಿತಾ ಓದಲು ಒಳಗೆ ಹೋದ ಮೇಲೂ ನಾನು ಅಲ್ಲೇ ನಿಂತಿದ್ದೆ. ನಮಗೆ ಕಾಣುವ ಬದಿಯಲ್ಲಿ ಮೂವತ್ತೆರಡು ಎಸಿಗಳಿವೆ. ಮೂರನೆಯ ಮಹಡಿಯ ಒಂದರ ಮೇಲೆ ಒಂಟಿ ಚಪ್ಪಲಿ ಇದೆ, ಎಡಗಾಲಿನದು.

ಡಿಸೆಂಬರ್ 1, ಸೋಮವಾರ

ಭಾವ ತನಿಯಪ್ಪನವರ ಫೋನು. ಒಕ್ಕಲು ನಿನ್ನೆ ಚೆನ್ನಾಗಿ ಆಯಿತಂತೆ.

"ಪೆಟ್ಟಿಗೆ ಶನಿವಾರವೇ ಬಂತು ನೋಡು. ಒಂದು ಗ್ಲಾಸೂ ಒಡೀಲಿಲ್ಲ. ಪ್ಯಾಕಿಂಗ್ ಅಂದ್ರೆ ನಿನ್ನದೇ."

"ಭಾವ, ಆ ಡಬ್ಬಿಗಳು?"

"ಹಂಚಿ ಆಯ್ತಲ್ಲ. ಒಕ್ಕಲಿಗೆ ಬಂದ ಹನ್ನೊಂದು ಮನೆಗೆ ಹನ್ನೊಂದು ಡಬ್ಬಿ. ನಮಗೇ ಉಳೀಲಿಲ್ಲ, ಸ್ಟೀಲಿನ ಲೋಟದಲ್ಲೇ ಕುಡಿಯುದು."

ಗಲ್ಫಿನ ಪೆಟ್ಟಿಗೆ ಬಂದರೆ ಒಬ್ಬರೇ ಇಟ್ಟುಕೊಳ್ಳುವ ಕ್ರಮ ನಮ್ಮಲ್ಲಿಲ್ಲ. ಇದು ನನಗೆ ಗೊತ್ತಿಲ್ಲದ್ದೇ? ಎಲ್ಲವನ್ನೂ ಹೇಳಿದೆ. ಭಾವ ಬೈಯಲಿಲ್ಲ.

"ಕೊಟ್ಟದ್ದನ್ನು ವಾಪಸು ಕೇಳುದು ಹೇಗೆ ಹೇಳು. ರಟ್ಟಾದ್ರೂ ಕೊಟ್ಟದ್ದೇ ಅಲ್ವಾ. ಆದ್ರೆ ಹೋಗಿ ನೋಡ್ಬಹುದು, ಫೋಟೊ ತೆಗೀಬಹುದು. ನಲ್ವತ್ತು ವರ್ಷ ಆ ಮನೆಗಳಿಗೆ ಟಪಾಲು ಕೊಟ್ಟವ ನಾನು. ಕೊಟ್ಟ ಮೇಲೆ ಒಳಗೆ ಎಂತ ಉಂಟು ಅಂತ ನೋಡ್ಲಿಕ್ಕೆ ಹೋಗುದು ಇದೇ ಮೊದಲು."

ಡಿಸೆಂಬರ್ 6, ಶನಿವಾರ

ನಿನ್ನೆಯಿಂದ ಫೋಟೊಗಳು ಒಂದೊಂದಾಗಿ ಬರುತ್ತಿವೆ. ನಾನೂ ಅಶ್ಮಿತಾಳೂ ಸೋಫಾದಲ್ಲಿ ಒಂದೇ ಫೋನಿಗೆ ತಲೆ ಕೊಟ್ಟು ಕೂತಿದ್ದೆವು.

ಒಂದು ರಟ್ಟನ್ನು ಅಂಗಡಿ ಕ್ಯಾಲೆಂಡರಿನ ಪಕ್ಕ ಮೊಳೆಗೆ ಸಿಕ್ಕಿಸಿದ್ದಾರೆ. ಒಂದು ಮಿಕ್ಸಿಯ ಅಡಿಯಲ್ಲಿದೆ. ಒಂದು ಉಪ್ಪಿನಕಾಯಿ ಭರಣಿಯ ಮುಚ್ಚಳವಾಗಿದೆ, ಮೇಲೆ ಕಲ್ಲು ಹೇರಿದ್ದಾರೆ. ಒಂದರ ಮೇಲೆ ಯಾವುದೋ ಮಗು ಸ್ಟಿಕರ್ ಅಂಟಿಸಿದೆ, ಎಸಿಯ ಮೇಲೆ ಸರಿಯಾಗಿ ಒಂದು ಆನೆ. ಎಲ್ಲ ಫೋಟೊಗಳ ಎಡ ಮೂಲೆಯಲ್ಲೂ ಭಾವನವರ ಹೆಬ್ಬೆರಳು.

ಹೀಗೆ ಅವಳ ಚಿತ್ರಗಳನ್ನು ನಾನು ಮೊದಲ ಸಲ ನೋಡಿದೆ. ಬಕೆಟ್ಟಿನ ಹೆಂಗಸು ಚಿತ್ರದಲ್ಲಿಲ್ಲ, ಬಕೆಟ್ ಮಾತ್ರ ಇದೆ. ಆದರೂ ಅವಳು ಈಗಷ್ಟೇ ಒಳಗೆ ಹೋದಳೆಂದು ಗೊತ್ತಾಗುತ್ತದೆ. ಅದು ಹೇಗೆ ಗೊತ್ತಾಗುತ್ತದೆ ಎಂದು ಬಹಳ ಹೊತ್ತು ನೋಡಿದೆ, ತಿಳಿಯಲಿಲ್ಲ.

ಒಂಬತ್ತು ಸಿಕ್ಕಿದವು. ಒಂದು ಬಚ್ಚಲ ಒಲೆಗೆ ಹೋಗಿದೆ, ಇನ್ನೊಂದು ಅಂಗಳದಲ್ಲಿ ನೆನೆದು ಹಾಳಾಗಿದೆ. ಅಶ್ಮಿತಾ ಒಲೆಯದಕ್ಕೆ ನಕ್ಕಳು, ನೆನೆದದ್ದಕ್ಕೆ ಕಣ್ಣೊರೆಸಿಕೊಂಡಳು. ಅದು ಪಾರಿವಾಳದ್ದು.

ಸಂಜೆ ಭಾವನವರ ಫೋನಿನಿಂದ ಒಂದು ವಾಯ್ಸ್ ಮೆಸೇಜು, ಹೆಣ್ಣಿನ ಧ್ವನಿ. "ಅಶ್ಮಿತಾ, ನಾನು ರತ್ನಾವತಿ, ನಿಮ್ಮ ದೊಡ್ಡಪ್ಪನ ಕೆಳಗಿನ ಮನೆಯವಳು. ನಿನ್ನ ಚಿತ್ರ ಚೆಂದ ಉಂಟು. ನನ್ನ ಸಣ್ಣವಳು ಕೇಳ್ತಾಳೆ, ಇದ್ರಲ್ಲಿ ಅಪ್ಪನ ಕಿಟಕಿ ಯಾವುದು ಅಂತ. ಇವರು ಅಲ್ಲೇ ಮೀನಾ ಅಬ್ದುಲ್ಲಾದಲ್ಲಿ ಇರುದಲ್ವಾ. ವಿಡಿಯೊ ಕಾಲ್ ಮಾಡ್ತಾರೆ, ಆದ್ರೆ ಹಿಂದೆ ಗೋಡೆ ಮಾತ್ರ ಕಾಣುದು. ಗೊತ್ತಿದ್ರೆ ಹೇಳು ಆಯ್ತಾ."

ಅಶ್ಮಿತಾ ಅದನ್ನು ಮೂರು ಸಲ ಕೇಳಿದಳು.

ಡಿಸೆಂಬರ್ 12, ಶುಕ್ರವಾರ

ರತ್ನಾವತಿಯ ಗಂಡ ವಿನೀತ್ ಇವರಿಗೆ ಗೊತ್ತು. ಇವರ ಸೈಟಿನಲ್ಲೇ ವೆಲ್ಡರ್. ಅಶ್ಮಿತಾ ಅವನ ಕಿಟಕಿ ಬಿಡಿಸಬಹುದೇ ಎಂದು ಕೇಳಿದ್ದಕ್ಕೆ ಮೊದಲು ಬೇಡ ಎಂದನಂತೆ. ಅವನ ರೂಮಿನಲ್ಲಿ ಎಂಟು ಜನ, ಮೇಲೊಂದು ಕೆಳಗೊಂದು ಮಂಚ. ಗೋಡೆಯ ಕಡೆ ತಿರುಗಿ ಮಾತಾಡುವುದು ಅದಕ್ಕೇ. ಮನೆಯವರು ಯಾಕೆ ನೋಡಬೇಕು?

ನಿನ್ನೆ ಅವನೇ ಇವರ ಆಫೀಸಿಗೆ ಬಂದು, "ರೂಮು ಬೇಡ ಅಣ್ಣ. ಹೊರಗಿಂದ ಕಿಟಕಿ ಮಾತ್ರ ಆದ್ರೆ ಆಗ್ಬಹುದು," ಎಂದು ಹೇಳಿ ಹೋದನಂತೆ.

ಲಾಂಡ್ರಿ ಶರ್ಟುಗಳು ಬಂದವು. ರಟ್ಟುಗಳನ್ನು ತೆಗೆದು, ಮಡಿಕೆ ಬಿದ್ದ ಎರಡನ್ನು ಬೇರೆ ಮಾಡಿ, ಉಳಿದವನ್ನು ಅವಳ ಮೇಜಿನ ಮೇಲಿಟ್ಟೆ.

ಡಿಸೆಂಬರ್ 19, ಶುಕ್ರವಾರ

ಬೆಳಿಗ್ಗೆ ಮೂವರೂ ಮೀನಾ ಅಬ್ದುಲ್ಲಾಕ್ಕೆ ಹೋದೆವು. ರಿಫೈನರಿ ಹತ್ತಿರವೇ ಇರುವುದರಿಂದ ಆ ಕಡೆ ಕ್ಯಾಮೆರಾ ಎತ್ತಬೇಡ ಎಂದು ಇವರು ದಾರಿಯುದ್ದಕ್ಕೂ ಹೇಳಿದರು. ಎರಡು ಸಲ ಹೇಳಿದ್ದು ನನಗೆ. ಅಶ್ಮಿತಾಳ ಕೈಯಲ್ಲಿ ರಟ್ಟು, ಪೆನ್ನು, ಬಿಳಿ ಪೆನ್ಸಿಲ್ ಮಾತ್ರ ಇತ್ತು.

ಕಾರ್ಮಿಕರ ಕ್ಯಾಂಪಿನ ಎದುರು ವಿನೀತ್ ಇಸ್ತ್ರಿ ಹಾಕಿದ ಶರ್ಟು ಹಾಕಿಕೊಂಡು ನಿಂತಿದ್ದ, ಅವನನ್ನೇ ಬಿಡಿಸುತ್ತಾರೆ ಎಂಬ ಹಾಗೆ. ಉದ್ದ ಕಟ್ಟಡ, ಒಂದೇ ರೀತಿಯ ಕಿಟಕಿಗಳ ಸಾಲು. ಎಲ್ಲವೂ ಧೂಳು ಕೂತು ಒಂದೇ ಬಣ್ಣ. ನಡುವೆ ಒಂದು ಕಿಟಕಿ ಮಾತ್ರ ಹೊಳೆಯುತ್ತಿತ್ತು.

"ನಿನ್ನೆ ಡ್ಯೂಟಿ ಮುಗಿಸಿ ತೊಳೆದದ್ದು ಅಕ್ಕ," ಎಂದ. "ಉಳಿದ ಏಳು ಜನ ನಗಾಡಿದ್ರು. ಹೆಣ್ಣು ನೋಡ್ಲಿಕ್ಕೆ ಬರ್ತಾರಾ ಭಾಯಿ ಅಂತ."

ಅಶ್ಮಿತಾ ನನ್ನ ಕಿವಿಯಲ್ಲಿ, "ಅಮ್ಮ, ಡಸ್ಟೇ ಇಲ್ಲ. ಹೌ ವಿಲ್ ಐ ಡೂ ಇಟ್?" ಎಂದಳು.

ಧೂಳು ಇಲ್ಲದ ಜಾಗ ಮಾತ್ರ ಬಿಡಿಸಿದರೆ ಸಾಕು ಎಂದು ನೀನೇ ಹೇಳಿದ್ದಲ್ಲ ಎಂದೆ. ಅವಳು ನನ್ನನ್ನು ಒಂದು ಥರ ನೋಡಿ, ಪ್ಲಾಸ್ಟಿಕ್ ಸ್ಟೂಲು ಎಳೆದುಕೊಂಡು ಕೂತಳು.

ಎರಡು ಗಂಟೆ. ಎಸಿಯ ಕಂಬಿಗೆ ಕಟ್ಟಿದ ಹಗ್ಗ, ಅದರ ಮೇಲೆ ಒಣಗಲು ಹಾಕಿದ, ಕೆಲಸಕ್ಕೆ ತೊಡುವ ನೀಲಿ ಡಾಂಗ್ರಿ, ಅರ್ಧ ಕೊಯ್ದ ನೀರಿನ ಬಾಟಲಿಯಲ್ಲಿ ಪುದೀನ. ಇವೆಲ್ಲ ಪೆನ್ನಿನಲ್ಲಿ. ಗಾಜಿಗೆ ಮಾತ್ರ ಬಿಳಿ ಪೆನ್ಸಿಲ್. ಅಷ್ಟು ಹೊತ್ತೂ ವಿನೀತ್ ಸ್ಟೂಲಿನ ಹಿಂದೆಯೇ ನಿಂತಿದ್ದ. ಮುಗಿದ ಮೇಲೆ ನೋಡಿ, "ಇದು ನಮ್ಮದೇ," ಎಂದಷ್ಟೇ ಹೇಳಿದ. ಆಮೇಲೆ ಒಳಗೆ ಹೋಗಿ ಏಳು ಜನಕ್ಕೂ ಚಹಾ ಮಾಡಿ, ನಮಗೂ ತಂದು ಕೊಟ್ಟ.

ಪುದೀನದ ಬಾಟಲಿ ಯಾರದ್ದೆಂದು ಕೇಳಲು ಮರೆತೆ.

ಡಿಸೆಂಬರ್ 21, ಭಾನುವಾರ

ಪರ್ಲ್ ಮಿಸ್ ಹತ್ತೂ ಚಿತ್ರ ನೋಡಿದರು. ಕೊನೆಯದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹಿಂದಿನ ಫೋಟೊಗಳಿಗೆ ಹೋಗಿ, "ಇದು ಯಾರ ಹೆಬ್ಬೆರಳು?" ಎಂದರು.

"ದೊಡ್ಡಪ್ಪನದು ಮಿಸ್."

"ಕ್ರಾಪ್ ಮಾಡು ಪುಟ್ಟ. ಭರಣಿ, ಮಿಕ್ಸಿ ಎಲ್ಲ ತೆಗಿ. ನೀಟ್ ಆಗಿ ಡ್ರಾಯಿಂಗ್ ಮಾತ್ರ ಇರ್ಲಿ. ಊರಿಂದ ಯಾರಾದ್ರೂ ಬರುವಾಗ ಒರಿಜಿನಲ್ ತರಿಸಿ ಸ್ಕ್ಯಾನ್ ಮಾಡಿದ್ರೂ ಆಗ್ತದೆ, ಟೈಮ್ ಉಂಟಲ್ಲ."

"ಇಲ್ಲ ಮಿಸ್. ಅದು ಈಗ ಅವರದ್ದು. ಹೀಗೇ ಕಳಿಸ್ತೇನೆ."

ಮಿಸ್ ನನ್ನ ಮುಖ ನೋಡಿದರು, ತಾಯಿ ಏನಾದರೂ ಹೇಳಲಿ ಎಂದು. ಭರಣಿಯ ಕಲ್ಲು ತೆಗೆದರೆ ಆ ಚಿತ್ರ ಹಾರಿ ಹೋಗುತ್ತದೆ ಎಂದೆ. ಹೇಳಿದ ಮೇಲೆ ನನಗೇ ನಗು ಬಂತು, ಅವರಿಗೂ ಬಂತು. "ಅಡ್ಮಿಷನ್ ಸಿಗದಿದ್ರೆ ನನ್ನನ್ನು ಕೇಳ್ಬಾರ್ದು," ಎಂದರು. ಕೇಳುವುದಿಲ್ಲ ಎಂದು ಇಬ್ಬರೂ ಒಟ್ಟಿಗೇ ಹೇಳಿದೆವು.

ಡಿಸೆಂಬರ್ 28, ಭಾನುವಾರ

ಅರ್ಜಿ ಹೋಯಿತು. ಒತ್ತಿದ ಮೇಲೆ ಇನ್ನೇನು ಬರುತ್ತದೋ ಎಂದು ಮೂವರೂ ಕಂಪ್ಯೂಟರನ್ನು ನೋಡುತ್ತಾ ಕೂತೆವು. ಧನ್ಯವಾದ ಎಂದು ಬಂತು, ಅಷ್ಟೇ.

ವಿವರಣೆಗಳನ್ನು ಅವಳು ಇಂಗ್ಲಿಷಿನಲ್ಲಿ ಬರೆದಿದ್ದಳು, ನಾನು ಓದಿದೆ. ತಿದ್ದುವಂಥದ್ದೇನೂ ಇರಲಿಲ್ಲ. ಮೊದಲನೆಯದು ಹೀಗಿದೆ: 'ನಮ್ಮ ಎದುರಿನ ಕಿಟಕಿ, ಗ್ಲಾಸುಗಳನ್ನು ಕಾಯುತ್ತಾ ಊರಿಗೆ ಹೋದದ್ದು.' ಹತ್ತನೆಯದು: 'ವಿನೀತ್ ಅವರ ಕಿಟಕಿ, ಅವರು ತೊಳೆದ ಮಾರನೆಯ ದಿನ.'

ಉತ್ತರ ಮಾರ್ಚಿನಲ್ಲಂತೆ. ಬರಲಿ. ಮೂರನೆಯ ಮಹಡಿಯ ಚಪ್ಪಲಿಯ ಪಕ್ಕ ಇವತ್ತು ಒಂದು ಕ್ರಿಕೆಟ್ ಚೆಂಡೂ ಬಂದು ಕೂತಿದೆ. ಅಶ್ಮಿತಾಳನ್ನು ಕರೆದು ತೋರಿಸಿದೆ.

ಜನವರಿ 2, ಶುಕ್ರವಾರ

ಮೇಲಿನ ಮಹಡಿಯ ಹಫೀಝಾ ನಾಳೆ ಮಂಗಳೂರಿಗೆ ಹೋಗುತ್ತಾಳೆ. ವಿನೀತನ ಕಿಟಕಿಯನ್ನು ಅವಳ ಕೈಯಲ್ಲಿ ರತ್ನಾವತಿಗೆ ಕಳಿಸುವುದೆಂದು ಅಶ್ಮಿತಾ ಮೊದಲೇ ಹೇಳಿದ್ದಳು. ಫೋಟೊ ಕಾಲೇಜಿಗೆ, ಚಿತ್ರ ಅವರಿಗೆ.

ಕಟ್ಟುವುದು ನನ್ನ ಕೆಲಸ. ತೆಳು ರಟ್ಟು ಸೂಟ್‌ಕೇಸಿನಲ್ಲಿ ಬಾಗಬಾರದು, ಎರಡು ಬದಿಗೂ ಗಟ್ಟಿಯಾದದ್ದು ಏನಾದರೂ ಬೇಕು. ಮನೆಯೆಲ್ಲ ಹುಡುಕಿದೆ. ಕೊನೆಗೆ ಕಪಾಟಿನಿಂದ ಎರಡು ದೊಡ್ಡ ಕವನ ಸಂಕಲನಗಳನ್ನು ತೆಗೆದೆ. ಬೈಂಡು ಗಟ್ಟಿ ಇದೆ, ಅಳತೆಯೂ ಸರಿಹೋಯಿತು. ನಡುವೆ ಚಿತ್ರವನ್ನಿಟ್ಟು, ಮೇಲೆ ಟವೆಲು ಸುತ್ತಿ, ಟೇಪು ಹಚ್ಚಿದೆ. ಅಕ್ಟೋಬರಿನಲ್ಲಿ ಓದುತ್ತಿದ್ದ ಪುಸ್ತಕವೂ ಅದರಲ್ಲೇ ಹೋಯಿತು, ಗುರುತಿಗೆ ಇಟ್ಟ ಚೀಟಿಯ ಸಮೇತ. ಭಾವನವರು ಇಟ್ಟುಕೊಂಡಿರುತ್ತಾರೆ, ಊರಿಗೆ ಹೋದಾಗ ಓದಿದರಾಯಿತು.

ಟೇಪಿನ ಮೇಲೆ ದಪ್ಪ ಪೆನ್ನಿನಿಂದ ಬರೆದೆ: ಗಾಜು. ಜೋಪಾನ.

ಹಫೀಝಾ ಕಟ್ಟನ್ನು ಕೈಯಲ್ಲಿ ತೂಗಿ ನೋಡಿ, ಒತ್ತಿ ನೋಡಿ, "ಎಂತ ಅಕ್ಕ, ಪುಸ್ತಕದ ಹಾಗೆ ಉಂಟು. ಇದ್ರೊಳಗೆ ಗ್ಲಾಸ್ ಎಲ್ಲಿ ಉಂಟು?" ಎಂದಳು.

ಒಂದು ಉಂಟು, ತೊಳೆದದ್ದು ಎಂದೆ.